ಮಿಸ್ಕ್ ಅತ್ತೆ ಕಣಿವೆ ದಾಟಿಸಿದ್ದು

ಹೈದ್ ಊರು
ರಜಬ್ ತಿಂಗಳ ಹನ್ನೊಂದು, ಹಿಜರಿ ೧೩೭೩

ಅಲ್ಲಾಹನ ಹೆಸರು ಹೇಳಿ, ಮಗ ಮುಕ್ಬಿಲ್‌ನಿಗೆ ತಾಯಿ ಗುಸೂನ್ ಬರೆಯುವುದು.

ನೀನು ಏಡನ್ನಿನಿಂದ ಕಳಿಸಿದ ಚಹಾಪುಡಿ ತಲುಪಿತು. ನಿನ್ನ ಅಪ್ಪ ಅದನ್ನು ಮೂಸಿ ನೋಡಿ, "ಸರ್ಕಾರದ ಚಹಾ" ಎಂದು ಪಕ್ಕಕ್ಕಿಟ್ಟರು. ಮಾರನೆಯ ದಿನ ತಾವೇ ಕೇಳಿ ಕುಡಿದರು. ನೀನು ಸರ್ಕಾರಿ ಕಾವಲು ಪಡೆಗೆ ಸೇರಿದ ಸಿಟ್ಟು ಅವರಲ್ಲಿ ಈಗ ಎಷ್ಟು ಉಳಿದಿದೆ ಎಂದು ಇದರಲ್ಲೇ ಅಳೆದುಕೋ.

ಲಾರಿ ರಸ್ತೆ ಸಫಾ ಕಣಿವೆಯನ್ನು ದಾಟಿತು. ನಮ್ಮ ಅಹ್ಲ್ ಮಸ್ರೂಹ್ ಕುಲದವನೊಬ್ಬ ಮುಂದೆ ನಡೆಯದೆ ಒಂಟೆಯ ಸಾಲೊಂದು ಆ ಕಣಿವೆ ದಾಟಿದ್ದನ್ನು ನನ್ನ ಅಜ್ಜನೂ ಕಂಡಿರಲಿಲ್ಲ. ನಮ್ಮವನು ದಾರಿಕಾವಲಿಗೆ ಮುಂದೆ ನಡೆದನೆಂದರೆ ಹಿಂದೆ ಬರುವವರೆಲ್ಲ ಅವನ ಮುಖದ ನೆರಳಿನಲ್ಲಿ ಇದ್ದಂತೆ. ಅವರನ್ನು ಯಾರಾದರೂ ಮುಟ್ಟಿದರೆ ಮಸಿ ಇವನ ಮುಖಕ್ಕೆ. ಲಾರಿಗೆ ಯಾರ ಮುಖವೂ ಬೇಡವಂತೆ. ಧೂಳೆಬ್ಬಿಸಿಕೊಂಡು ಹೋಗುತ್ತದೆ, ಅಷ್ಟೆ.

ಅದಕ್ಕೇ ಕೆಟ್ಟದ್ದೊಂದು ನಡೆಯಿತು. ಕೆಳಗೇರಿಯ ನಾಜಿ ನಿನಗೆ ಗೊತ್ತಲ್ಲ, ನಿನ್ನ ಜೊತೆ ನನ್ನ ಅಪ್ಪನ ಹತ್ತಿರ ಕುರ್‌ಆನ್ ಓದಿದವನು. ಅವನು ಬಂಡೆಯ ಮರೆಯಿಂದ ಲಾರಿಗೆ ಗುಂಡು ಹೊಡೆದ. ಫರಜ್ ಎನ್ನುವ ಡ್ರೈವರನ ಕೈಗೆ ತಗುಲಿತು. ನಾಜಿ ಓಡಿ ಬಂದದ್ದು ನಿನ್ನ ಮಿಸ್ಕ್ ಅತ್ತೆಯ ಮನೆಗೆ. ಅವಳು ಬೋರೆ ಮರದ ಕೆಳಗೆ ಜೇನು ಸಾಕಿದ ಟೊಳ್ಳು ದಿಮ್ಮಿಗಳನ್ನು ನೋಡುತ್ತಿದ್ದಳು. ನಾನೂ ಅಲ್ಲೇ ಇದ್ದೆ. ಅವನು ಅವಳ ಸೆರಗಿನ ತುದಿ ಹಿಡಿದುಕೊಂಡ.

"ಅತ್ತೆ, ನಿನ್ನ ಮುಖದ ನೆರಳಿಗೆ ಬಂದೆ."

"ಯಾರನ್ನ ಕೊಂದು ಬಂದ್ಯೋ?"

"ಕೊಂದಿಲ್ಲ. ಲಾರಿಗೆ ಹೊಡ್ದೆ. ಡ್ರೈವರ್ ಕೈಗೆ ಬಿತ್ತು."

"ಲಾರಿಗೆ ಹೊಡೆದ್ರೆ ಲಾರಿ ಸಾಯತ್ತೇನೋ ಕತ್ತೆ? ಒಳಗೆ ನಡಿ. ಮೊದಲು ರೊಟ್ಟಿ ತಿನ್ನು, ಆಮೇಲೆ ಬೈತೀನಿ."

ರೊಟ್ಟಿ ತಿಂದ ಮೇಲೆ ಸಂಜೆಯ ಅಸರ್ ನಮಾಜಿನವರೆಗೂ ಬೈದಳು. ಆದರೆ ತಿಂದಾಗಿತ್ತು. ಇನ್ನು ಅವನನ್ನು ಯಾರೂ ಆ ಬಾಗಿಲಿನಿಂದ ಎಳೆಯುವಂತಿಲ್ಲ. ಮಕ್ಕಳಿಲ್ಲದ ಮುದುಕಿ, ಬೆನ್ನು ಬಾಗಿದೆ, ನೀಲಿ ಬಟ್ಟೆಯ ಬಣ್ಣ ಹತ್ತಿ ಹತ್ತಿ ಮೊಣಕೈವರೆಗೂ ನೀಲಿ. ಆ ಮನೆಯೀಗ ಕೋಟೆಗಿಂತ ಗಟ್ಟಿ.

ಐದು ಹೊತ್ತಿನ ನಮಾಜು ಬಿಡಬೇಡ.

ನಿನ್ನ ತಾಯಿ
ಗುಸೂನ್


ಸಫಾ ಕೋಟೆ
ಶಾಬಾನ್ ನಾಲ್ಕು

ಅಮ್ಮನಿಗೆ ಸಲಾಂ.

ನನ್ನನ್ನು ಕಣಿವೆಯ ಕೆಳಗಿನ ಹೊಸ ಕೋಟೆಗೆ ಹಾಕಿದ್ದಾರೆ. ಮನೆಗೆ ಹತ್ತಿರವಾಯಿತು ಎಂದು ಹಿಗ್ಗಬೇಡ. ಇಲ್ಲಿಂದ ನಮ್ಮ ಮನೆಯ ಹೊಗೆ ಕಾಣುತ್ತದೆ, ಹೋಗಲು ಅಪ್ಪಣೆಯಿಲ್ಲ.

ಇಲ್ಲಿನ ಇಂಗ್ಲಿಷ್ ಅಧಿಕಾರಿಯನ್ನು ನಮ್ಮವರು ಹರ್ಗರಿ ಎನ್ನುತ್ತಾರೆ, ಅವನ ಹೆಸರು ಅವರ ಬಾಯಲ್ಲಿ ಹಾಗಾಗಿದೆ. ಕೆಟ್ಟವನಲ್ಲ. ನಮ್ಮ ಮಾತು ಚೆನ್ನಾಗಿ ಆಡುತ್ತಾನೆ, ಜೋಳದ ರೊಟ್ಟಿ ತಿನ್ನುತ್ತಾನೆ. ನಾಜಿಯನ್ನು ಒಪ್ಪಿಸಿ, ಇಲ್ಲವೇ ಬಂದೂಕುಗಳನ್ನು ತಂದು ಕೊಡಿ ಎಂದು ಅವನು ಹೇಳಿ ಕಳಿಸಿದ್ದು ನಿನಗೆ ಗೊತ್ತೇ ಇದೆ. ನಿನ್ನೆ ಹಿರಿಯರು ಬಂದರು. ಬಾಗಿಲಲ್ಲಿ ಪಹರೆ ನನ್ನದೇ ಇತ್ತು. ಅಪ್ಪ ನನ್ನ ಪಕ್ಕದಲ್ಲೇ ಹಾದು ಹೋದರು, ನೋಡಲಿಲ್ಲ. ಅಜ್ಜನ ಬೆಳ್ಳಿ ಕಟ್ಟಿನ ಬಂದೂಕನ್ನು ಚಾಪೆಯ ಮೇಲೆ ಮಲಗಿಸಿದರು, ಕೂಸನ್ನು ಮಲಗಿಸಿದ ಹಾಗೆ.

ಅಧಿಕಾರಿ ಟೋಪಿ ತೆಗೆದು ಎಲ್ಲರ ಕೈ ಮುಟ್ಟಿದ. ಕಾಫಿ ಸಿಪ್ಪೆಯ ಕಷಾಯ ಕುಡಿಸಿದ. ಎಲ್ಲ ಸರಿಹೋಯಿತು ಎಂದುಕೊಂಡೆ. ಸಂಜೆ ನೋಡಿದರೆ ಬಂದೂಕುಗಳನ್ನೆಲ್ಲ ಲಾರಿಗೆ ತುಂಬಿ ಏಡನ್ನಿಗೆ ಕಳಿಸಿದರು. ಒತ್ತೆ ಇಟ್ಟ ಬಂದೂಕು ತೀರ್ಪಾಗುವ ಮೊದಲೇ ಕಣ್ಣಿನಿಂದ ದೂರ ಹೋಗುತ್ತದೆಯೇ ಅಮ್ಮ? ಹವಾಲ್ದಾರನನ್ನು ಕೇಳಿದೆ. "ನಿನ್ನ ಕೆಲ್ಸ ಬಾಗ್ಲು ಕಾಯೋದು" ಎಂದ.

ಅಪ್ಪನಿಗೆ ಇದನ್ನು ಹೇಳಬೇಡ.

ಮುಕ್ಬಿಲ್


ಹೈದ್ ಊರು
ರಮಝಾನ್ ಇಪ್ಪತ್ತೊಂದು

ಮಗ ಮುಕ್ಬಿಲ್‌ನಿಗೆ.

ನಾನು ಹೇಳದಿದ್ದರೂ ತಿಳಿಯಿತು. ತೀರ್ಪಿನ ದಿನ ಯಾವುದು ಎಂದು ಕೇಳಲು ಹಿರಿಯರು ಕೋಟೆಗೆ ಹೋದಾಗ ಅಧಿಕಾರಿ ನಕ್ಕು, "ಎಲ್ಲ ಮುಗೀತಲ್ಲ, ದಂಡ ಬಂತು. ಸರ್ಕಾರಕ್ಕೆ ಈಗ ನಿಮ್ಮ ಮೇಲೆ ಸಿಟ್ಟಿಲ್ಲ" ಎಂದನಂತೆ. ಇವರು ಎದ್ದು ಬಂದರು. ಒಬ್ಬನಾದರೂ ಬಾಯಿ ಬಿಟ್ಟು, ಅದು ದಂಡವಲ್ಲ, ನ್ಯಾಯಕ್ಕೆ ಕೂರಲು ನಾವಿಟ್ಟ ಒತ್ತೆ, ತೀರ್ಪಾದ ಮೇಲೆ ನಮಗೆ ಹಿಂದಿರುಗಬೇಕಾದದ್ದು ಎಂದು ಹೇಳಿದನೇ? ಇಲ್ಲ.

"ಹೇಳ್ಬಾರದಿತ್ತಾ?" ಎಂದು ನಿನ್ನ ಅಪ್ಪನನ್ನು ಕೇಳಿದೆ.

"ಒಬ್ಬ ಗಂಡಸಿಗೆ ಒತ್ತೆ ಅಂದ್ರೇನು ಅಂತ ಹೇಳ್ಕೊಡೋದಾ? ಅದು ಅವನ ಕೆನ್ನೆಗೆ ಹೊಡೆದ ಹಾಗೆ. ನಮ್ಮನೇಲಿ ರೊಟ್ಟಿ ತಿಂದಿದಾನೆ ಅವನು."

"ಹಾಗಾದ್ರೆ ಗುಂಡು ಹೊಡೀಬಹುದು, ಹೇಳ್ಕೊಡಬಾರದು."

ಅವರು ನಮಾಜಿಗೆ ಮುಂಚಿನ ವುಜೂಗೆ ಕೈಕಾಲು ತೊಳೆಯಲು ಎದ್ದು ಹೋದರು. ಉತ್ತರ ಸಿಗದಿದ್ದಾಗ ನಿನ್ನ ಅಪ್ಪನಿಗೆ ನೀರು ನೆನಪಾಗುತ್ತದೆ.

ರಸ್ತೆಯ ತಿರುವಿನಲ್ಲಿ ಕಲ್ಲು ಪೇರಿಸಿ, ಮಸಿ ಬಳಿದು, ಅಧಿಕಾರಿಯ ಹೆಸರು ಕೂಗಿದರು. ಒತ್ತೆ ನುಂಗಿದವನಿಗೆ ಮಾಡುವುದು ಅದೇ. ಅಂದಿನಿಂದ ದಾರಿ ಕಟ್ಟಿದ್ದಾರೆ. ಉಪವಾಸ ಹಿಡಿದುಕೊಂಡೇ ಬಿಸಿಲಲ್ಲಿ ಬಂಡೆಗಳ ಹಿಂದೆ ಕೂರುತ್ತಾರೆ. ನಿನ್ನ ಅಪ್ಪ ಎರವಲು ಬಂದೂಕು ಹಿಡಿದು ಕೂತಿರುವುದು ಬೋಳು ಬಂಡೆಯ ಹತ್ತಿರ. ಚಿಕ್ಕಂದಿನಲ್ಲಿ ನೀನು ಮೇಕೆ ಕಾಯುತ್ತಿದ್ದ ಜಾಗ.

ಸೌದೆ ಹೊತ್ತ ಹೆಂಗಸನ್ನು ಎರಡು ಕಡೆಯವರೂ ತಡೆಯುವುದಿಲ್ಲ, ಆದ್ದರಿಂದ ಈ ಕಾಗದ ಸೌದೆಯ ಹೊರೆಯಲ್ಲಿ ಬರುತ್ತದೆ. ನಾನೇ ಬರುತ್ತಿದ್ದೆ. ಕೋಟೆಯ ಕಡೆ ಹೋಗಕೂಡದೆಂದು ನಿನ್ನ ಅಪ್ಪ ಆಣೆ ಹಾಕಿದ್ದಾರೆ.

ಒಂದು ಮಾತು ಕೇಳಬೇಕು. ಕೇಳದಿದ್ದರೆ ನನ್ನ ನಮಾಜಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ರಸ್ತೆ ಬಿಡಿಸಿ ಎಂದು ನಿಮ್ಮನ್ನು ಕಳಿಸಿದರೆ, ಬೋಳು ಬಂಡೆಯ ಹಿಂದೆ ಇರುವುದು ಯಾರೆಂದು ಗೊತ್ತಿದ್ದೂ ಗುಂಡು ಹಾರಿಸು ಎಂದು ನಿನಗೆ ಆಜ್ಞೆಯಾದರೆ, ಮಗನೆ, ನೀನು ಏನು ಮಾಡುತ್ತೀ?

ಗುಸೂನ್


ಹೈದ್ ಮೇಲಿನ ಗುಹೆಗಳು
ಶವ್ವಾಲ್ ಏಳು

ಮುಕ್ಬಿಲ್,

ನಿನ್ನ ಉತ್ತರ ಬರಲಿಲ್ಲ. ಹಬ್ಬದ ದಿನ ಸೌದೆಯವಳು ಬರಿಗೈಯಲ್ಲಿ ಬಂದಳು. ನೀನು ಚೆನ್ನಾಗಿದ್ದೀ ಎಂದಳು, ನನ್ನ ಕಾಗದ ಓದಿ ಮಡಿಸಿ ಜೇಬಿಗೆ ಹಾಕಿಕೊಂಡೆಯಂತೆ.

ಹಬ್ಬವಾಗಿ ಮೂರನೆಯ ದಿನ ವಿಮಾನ ಬಂದು ಕಾಗದ ಸುರಿಯಿತು. ಮಕ್ಕಳು ಹಬ್ಬದ ಮಿಠಾಯಿಗೆ ಓಡಿದ ಹಾಗೆ ಓಡಿದರು. ಊರ ಮುಂದೆ ನಿಂತು ಓದಿ ಹೇಳಿದವಳು ನಾನೇ. ಈ ತಿಂಗಳ ಹನ್ನೆರಡರೊಳಗೆ ದಾರಿ ಬಿಡಬೇಕು, ಬಿಡದಿದ್ದರೆ ಮನೆಗಳ ಮೇಲೆ ಬಾಂಬು ಬೀಳುತ್ತದೆ, ಹೆಂಗಸರು ಮಕ್ಕಳು ದನಕರು ಸಮೇತ ದೂರ ಹೋಗಿ ಎಂದು ಬರೆದಿತ್ತು. ಅಕ್ಷರ ಸುಂದರವಾಗಿತ್ತು, ವ್ಯಾಕರಣವೂ ತಪ್ಪಿರಲಿಲ್ಲ.

"ಹೇಳಿ ಬಂದು ಮನೆ ಒಡೆಯೋ ವೈರಿ," ಎಂದಳು ಮಿಸ್ಕ್ ಅತ್ತೆ. "ಪರವಾಗಿಲ್ಲ. ನಮ್ಮ ಮಾವನ ಕಡೆಯವರಿಗೆ ಇಷ್ಟು ಮರ್ಯಾದೆನೂ ಇರಲಿಲ್ಲ." ಒಂದಷ್ಟು ಕಾಗದ ಆರಿಸಿಕೊಂಡು ಹೋಗಿ ಜೇನಿನ ದಿಮ್ಮಿಗಳ ಬಾಯಿಗೆ ತುರುಕಿದಳು. ಹಾಗೆ ಮುಚ್ಚಿದ ಮೇಲೆಯೇ ಅವನ್ನು ಒಂಟೆಯ ಮೇಲೆ ಗುಹೆಗೆ ಸಾಗಿಸಿದ್ದು. ನಿನ್ನ ಸರ್ಕಾರದ ಕಾಗದ ಅಷ್ಟಕ್ಕಾದರೂ ಬಂತು.

ನಾವೆಲ್ಲ ಈಗ ಗುಹೆಗಳಲ್ಲಿ ಇದ್ದೇವೆ. ಇಲ್ಲಿಂದ ಊರು ಕಾಣುತ್ತದೆ. ನಾನು ಸೊಸೆಯಾಗಿ ಬಂದ ಮನೆ, ನೀನು ಹುಟ್ಟಿದ ಕೋಣೆಯ ಕಿಟಕಿ. ಕಲ್ಲು ಮತ್ತೆ ಕಟ್ಟಬಹುದು. ನಾನು ಅಂಜುವುದು ಕಲ್ಲಿಗಾಗಿ ಅಲ್ಲ. ಬಾಂಬು ಬಿದ್ದ ಮೇಲೆ ನಮ್ಮ ಗಂಡಸರು ಕೋಟೆಯ ಮೇಲೆ ದಾಳಿಗೆ ಇಳಿಯುತ್ತಾರೆ. ಬಾಗಿಲಲ್ಲಿ ಪಹರೆ ಯಾರದು?

ನಾಜಿಗೂ ತಡೆಯಲಾಗಲಿಲ್ಲ. "ಅತ್ತೆ, ನಾನೇ ಹೋಗಿ ಒಪ್ಪಿಸ್ಕೋತೀನಿ. ನನ್ನೊಬ್ಬನಿಂದ ಊರೇ ಗುಹೆ ಸೇರ್ತು" ಎಂದ.

"ಹೋಗ್ತೀಯಾ? ನನ್ನ ಬಾಗಿಲಿಂದ ನೀನು ಕೈ ಕಟ್ಟಿಸ್ಕೊಂಡು ಹೋದ್ರೆ ನಾನು ಯಾವ ಮುಖ ಹೊತ್ಕೊಂಡು ನಮಾಜಿಗೆ ಖಿಬ್ಲಾ ಕಡೆ ತಿರುಗಲಿ? ಕೂತ್ಕೋ. ಜೇನಿಗೆ ನೀರಿಡು."

ಈ ದಿನ ಬೆಳಗಿನ ನಮಾಜು ಮುಗಿಸಿ ಅವಳು ಬೋರೆ ಮರದ ಕೋಲು ತೆಗೆದುಕೊಂಡಳು, ಸೋರೆ ಬುರುಡೆಗೆ ಜೇನು ತುಂಬಿಕೊಂಡಳು. ಜೇನುನೊಣ ನೋಡಲು ಹೊರಟಳೆಂದು ನಾನು ಸುಮ್ಮನಿದ್ದೆ. ಆಮೇಲೆ ಹೊರಗೆ ಬಂದು ನೋಡಿದರೆ ಕೆಳಗೆ ದೂರದಲ್ಲಿ, ರಸ್ತೆಯ ಮೇಲೆ, ನೀಲಿ ಚುಕ್ಕೆಯೊಂದು ಕೋಟೆಯ ಕಡೆಗೆ ಹೋಗುತ್ತಿತ್ತು.

ಬಂದಳೇ? ತಿಳಿಸು.

ಗುಸೂನ್


ಸಫಾ ಕೋಟೆ
ಶವ್ವಾಲ್ ಹತ್ತು

ಅಮ್ಮನಿಗೆ,

ಬಂದಳು. ನಿನಗೆ ಅರ್ಧ ಗೊತ್ತು, ಕೆಳಗಿನ ಅರ್ಧ ನಾನು ಹೇಳಬೇಕು.

ಬಾಗಿಲಲ್ಲಿ ನನ್ನನ್ನು ನೋಡಿ, "ತೆಳ್ಳಗಾಗಿದೀಯ. ಸರ್ಕಾರ ಊಟ ಹಾಕಲ್ವಾ?" ಎಂದಳು. ಹವಾಲ್ದಾರ ತಡೆಯಲು ಬಂದ. "ನೀನು ಯಾರ ಮಗನೋ? ನಿಮ್ಮಮ್ಮನ ವಯಸ್ಸಿಗೆ ನಾನು ಮೊಮ್ಮಕ್ಕಳನ್ನ ಕಾಣಬೇಕಿತ್ತು, ದೇವರು ಕೊಡ್ಲಿಲ್ಲ, ಅದಕ್ಕೆ ನಿಂಥವರ ಹತ್ರ ಮಾತಾಡ್ಬೇಕಾಗಿದೆ" ಎಂದಳು. ಅವನು ದಾರಿ ಬಿಟ್ಟ.

ಅಧಿಕಾರಿ ಎದ್ದು ನಿಂತ. ಅವಳು ಜೇನಿನ ಬುರುಡೆಯನ್ನು ಅವನ ಮುಂದಿಟ್ಟಳು.

"ನಮ್ಮ ಬಂದೂಕು ತಗೊಂಡ್ಯಲ್ಲ ಮಗಾ, ನೋಡಿದ್ಯಾ ಅವನ್ನ?"

"ನೋಡಿದೆ ತಾಯಿ. ಒಳ್ಳೇ ಬಂದೂಕುಗಳು. ಬೇರೆ ಕುಲದವರು ಮುರುಕು ತರ್ತಾರೆ. ನಿಮ್ಮವರು ನಿಯತ್ತಿನವರು ಅಂದ್ಕೊಂಡೆ."

"ದಂಡ ಅಂದ್ರೆ ನಾವೂ ಮುರುಕನ್ನೇ ತರ್ತಿದ್ವಿ. ದಂಡಕ್ಕೆ ಯಾರಾದ್ರೂ ಅಪ್ಪನ ಬಂದೂಕು ಕೊಡ್ತಾರಾ? ಅದು ಒತ್ತೆ. ನ್ಯಾಯ ಹೇಳ್ಸು, ತಪ್ಪು ನಮ್ದಾದ್ರೆ ತಲೆ ಬಗ್ಗಿಸ್ತೀವಿ, ಅಲ್ಲೀವರ್ಗೂ ನಮ್ಮ ಮಾನ ನಿನ್ನ ಹತ್ರ ಇರ್ಲಿ ಅಂತ. ನೀನು ಮಾನಾನ ಲಾರಿಗೆ ತುಂಬಿ ಕಳ್ಸಿದೆ."

"ಯಾರೂ ನಂಗೆ ಹೇಳ್ಲಿಲ್ಲ" ಎಂದ ಅವನು.

"ಹೇಳಲ್ಲ. ನಮ್ಮ ಗಂಡಸರು ಸಾಯ್ತಾರೆ, ಹೇಳಲ್ಲ. ಅದಕ್ಕೇ ನಾನು ಬಂದಿರೋದು."

ಅಮ್ಮ, ಅಧಿಕಾರಿಗಳು ತಪ್ಪೊಪ್ಪಿಕೊಳ್ಳುವುದನ್ನು ನಾನು ನೋಡಿದವನಲ್ಲ. ಅವನು ಅವಳ ಎದುರಿಗೇ ರೇಡಿಯೋ ಯಂತ್ರದಲ್ಲಿ ಏಡನ್ನಿನೊಂದಿಗೆ ಮಾತಾಡಿದ. ವಿಮಾನ ತಡೆಯಿರಿ, ಬಂದೂಕು ಹಿಂದಕ್ಕೆ ಕಳಿಸಿ ಎಂದ. ಆ ಕಡೆಯವರು ಒಪ್ಪಲಿಲ್ಲವೆಂದು ಅವನ ಕತ್ತು ಕೆಂಪಾದದ್ದರಲ್ಲೇ ತಿಳಿಯಿತು. ಮಾತು ಮುಗಿಸಿ, "ಕುಲದ ಸಭೆಯಲ್ಲಿ ನಾನೇ ಕೂತು ತೀರ್ಮಾನ ಮಾಡಿದ್ರೆ ಕೇಳ್ತಾರಂತೆ. ಆದ್ರೆ ಕಣಿವೆ ದಾಟೋದು ಹೇಗೆ? ಕಲ್ಲಿಗೆ ಮಸಿ ಬಳಿದು ನನ್ನ ಹೆಸರು ಕೂಗಿದಾರೆ. ನಂಗೆ ದಾರಿಕಾವಲು ಯಾರು ಬರ್ತಾರೆ?" ಎಂದ.

ಅತ್ತೆ ಕೋಲು ಊರಿ ಎದ್ದಳು. "ಕುದುರೆ ಬೇಡ. ನಡಿ. ಬಂದೂಕಿನವರು ಯಾರೂ ಬೇಡ. ಈ ಹುಡುಗ ಬರ್ಲಿ, ಬರಿಗೈಲಿ."

ಹೀಗೆ ಹೊರಟೆವು. ಮುಂದೆ ಅವಳು, ಹಿಂದೆ ಅವನು, ಅವನ ಹಿಂದೆ ನಾನು. ಏರಿನಲ್ಲಿ ಅವಳು ನಿಂತಾಗೆಲ್ಲ ನಾವೂ ನಿಂತೆವು. ಅವನು ಒಮ್ಮೆಯೂ ಅವಳನ್ನು ದಾಟಿ ಮುಂದೆ ಹೆಜ್ಜೆ ಇಡಲಿಲ್ಲ. ಮಸಿ ಕಲ್ಲಿನ ಹತ್ತಿರ ಬಂದಾಗ ಮೇಲೆ ಬಂದೂಕುಗಳ ಕೀಲು ಎಳೆದ ಸದ್ದು ಕೇಳಿಸಿತು. ಅವನಿಗೂ ಕೇಳಿಸಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದ.

ಆಗ ಅವಳು ಕೂಗಿದ್ದು ನಿನಗೂ ಕೇಳಿಸಿರಬೇಕು.

ಮುಕ್ಬಿಲ್


ಹೈದ್ ಊರು
ಜುಲ್‌ಕಾದ ಎರಡು

ಮಗನೆ,

ಕೇಳಿಸಿತು. ಗುಹೆಯ ಹೆಂಗಸರಿಗೆಲ್ಲ ಕೇಳಿಸಿತು. "ಮಸ್ರೂಹ್ ಮಕ್ಕಳೇ, ಇವನು ನನ್ನ ಮುಖದ ನೆರಳಲ್ಲಿ ಇದಾನೆ. ಹೊಡೆಯೋರು ಮೊದಲು ನಂಗೆ ಹೊಡೀರಿ, ಗುರಿ ಸುಲಭ, ನಾನು ಓಡಲ್ಲ."

ಬಂಡೆಗಳ ಹಿಂದೆ ಏನಾಯಿತೆಂದು ನಿನ್ನ ಅಪ್ಪ ಆಮೇಲೆ ಹೇಳಿದರು. ಒಬ್ಬ, "ಹೆಂಗಸು ದಾರಿಕಾವಲು ಆಗ್ಬಹುದಾ?" ಎಂದನಂತೆ. ಇವರು, "ಆಗ್ಬಾರದು ಅಂತ ಯಾರೂ ಹೇಳಿಲ್ಲ, ಯಾಕಂದ್ರೆ ಇಲ್ಲೀವರ್ಗೂ ಯಾರೂ ಕೇಳಿಲ್ಲ" ಎಂದು ಎರವಲು ಬಂದೂಕನ್ನು ಕೆಳಗಿಟ್ಟರಂತೆ. ತಮ್ಮ ಅಕ್ಕ ಮಿಸ್ಕ್‌ಳ ಹಿಂದೆ ಬರಿಗೈಯಲ್ಲಿ ಬರುವ ಮಗನನ್ನೂ ನೋಡಿದರು. ಅದನ್ನು ಅವರು ಹೇಳಲಿಲ್ಲ. ಬಂದೂಕು ಕೆಳಗಿಟ್ಟೆ ಎಂದು ಎರಡು ಸಲ ಹೇಳಿದರು, ನಾನು ತಿಳಿದುಕೊಂಡೆ.

ಸಭೆಯ ದಿನ ನಾನು ಹೆಂಗಸರ ಕಡೆಯಿಂದ ನೋಡಿದೆ. ನೀನು ರೊಟ್ಟಿ ಮುರಿಯುವುದು ಕಂಡಿತು, ಮಾತಾಡಿಸಲು ಆಗಲಿಲ್ಲ. ಒಂದು ಪಕ್ಕದಲ್ಲಿ ಅಧಿಕಾರಿ, ಇನ್ನೊಂದು ಪಕ್ಕದಲ್ಲಿ ನಾಜಿ, ನಡುವೆ ಮಿಸ್ಕ್ ಅತ್ತೆ. ನ್ಯಾಯ ಹೇಳಲು ಪಕ್ಕದ ಕುಲದಿಂದ ಬಂದಿದ್ದ ದಹ್ಬೂಲ್ ಅಜ್ಜ ಛೇಡಿಸಿದರು. "ಏನಮ್ಮ ಮಿಸ್ಕ್, ಬೆಕ್ಕೂ ನಿಂದೇ ಇಲೀನೂ ನಿಂದೇನಾ?"

"ಒಂದು ಮುಖಕ್ಕೆ ಎರಡು ಕೆನ್ನೆ ಅಲ್ವಾ ಅಜ್ಜ? ಒಂದು ಕಡೆ ಇವನು, ಒಂದು ಕಡೆ ಅವನು. ಇವರು ಹೊಡೆದಾಡಿದ್ರೆ ನೋಯೋದು ನಂಗೆ."

ಗಂಡಸರು ನಗಲು ಹಿಂಜರಿದರು. ಮೊದಲು ನಕ್ಕವನು ಆ ಫೆರಂಗಿ. ಆಮೇಲೆ ತನ್ನ ಸೊಂಟದ ಪಿಸ್ತೂಲನ್ನೇ ಬಿಚ್ಚಿ, ತೀರ್ಪಿಗೆ ಒಪ್ಪುತ್ತೇನೆಂದು ಒತ್ತೆಯಾಗಿ ಅಜ್ಜನ ಮುಂದಿಟ್ಟ. ಅವನಿಗೆ ಆಗ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಅವನ ಧರ್ಮದವಳಲ್ಲ, ಅವನ ಸರ್ಕಾರ ನನಗೆ ಬೇಕಿಲ್ಲ. ಆದರೂ ಅಂದು ಅವನ ತಾಯಿಗೆ ದುವಾ ಮಾಡಿದೆ.

ತೀರ್ಪು ನಿನಗೆ ಗೊತ್ತು. ನಾಜಿ ಹೋರಿ ಕೊಯ್ದು ಫರಜ್‌ನ ಎದುರು ತಪ್ಪೊಪ್ಪಬೇಕು. ಅವನ ಕೈ ಸರಿಹೋಗುವವರೆಗೆ ಲಾರಿಯಲ್ಲಿ ಅವನ ಪಕ್ಕ ಕೂತು ಕಣಿವೆ ದಾಟಿಸಬೇಕು, ಸಾಮಾನು ಇಳಿಸಬೇಕು. ಒತ್ತೆ ತಿಳಿಯದ್ದಕ್ಕೆ ಅಧಿಕಾರಿಯೂ ಒಂದು ಹೋರಿ ಕೊಯ್ಯಬೇಕು. ಇಬ್ಬರೂ ಕೊಯ್ದರು. ಇನ್ನು ಮುಂದೆ ಪ್ರತಿ ಲಾರಿಯಲ್ಲಿ ನಮ್ಮವನೊಬ್ಬ ಕೂರುತ್ತಾನೆ. ರಸ್ತೆ ಸರ್ಕಾರದ್ದು, ಮುಖ ನಮ್ಮದು.

ಒಂದು ಸಂಗತಿ ನಿನಗೆ ತಿಳಿಯದು. ಶವ್ವಾಲ್ ಹನ್ನೆರಡರಂದು ವಿಮಾನ ಬಂತು. ಬಾಂಬು ಬೇಡವೆಂದು ಏಡನ್ನಿನವರು ಒಪ್ಪಿದ್ದಾರೆಂದು ಗೊತ್ತಿದ್ದೂ ನಾವೆಲ್ಲ ನಿಂತಲ್ಲೇ ಕಲ್ಲಾದೆವು. ಸಾಯುವ ಹೊತ್ತಿಗೆ ಹೇಳುವ ಶಹಾದತ್ ಹೇಳಿಕೊಂಡೆ ನಾನು. ಊರ ಮೇಲೆ ಒಂದು ಸುತ್ತು ಹಾಕಿ ಸಮುದ್ರದ ಕಡೆ ತಿರುಗಿ ಹೋಯಿತು. ಅತ್ತೆ ಅದನ್ನು ನೋಡಲೂ ಇಲ್ಲ. ಮತ್ತೆ ಮುಚ್ಚಿ ಊರಿಗೆ ಇಳಿಸಿದ ದಿಮ್ಮಿಗಳ ಬಾಯಿಂದ ಕಾಗದ ಕೀಳುತ್ತಿದ್ದಳು.

ಬಂದೂಕುಗಳು ಹಿಂದಿರುಗಿದವು. ನಿನ್ನ ಅಪ್ಪನ ಬಂದೂಕಿಗೆ ಏಡನ್ನಿನವರು ಕಟ್ಟಿದ ಚೀಟಿ ಇನ್ನೂ ತೂಗುತ್ತಿದೆ. ಬಿಚ್ಚಲು ಬಿಡುವುದಿಲ್ಲ. ಬಂದವರಿಗೆಲ್ಲ, "ಸಮುದ್ರ ನೋಡಿ ಬಂದಿದೆ" ಎನ್ನುತ್ತಾರೆ.

ನಾನು ರಮಝಾನಿನಲ್ಲಿ ಕೇಳಿದ್ದಕ್ಕೆ ಮಾತ್ರ ನೀನು ಇನ್ನೂ ಏನೂ ಬರೆದಿಲ್ಲ.

ಗುಸೂನ್


ಹೈದ್ ಊರು
ಜುಲ್‌ಹಿಜ್ಜ ಇಪ್ಪತ್ತು

ಮುಕ್ಬಿಲ್‌ನಿಗೆ ತಾಯಿಯ ಆಶೀರ್ವಾದ.

ಅಧಿಕಾರಿಯನ್ನು ಬೇರೆ ಕಡೆಗೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ಬಂದೂಕು ಹಿಂದಿರುಗಿಸಿದ್ದು ಮೇಲಿನವರಿಗೆ ಹಿಡಿಸಲಿಲ್ಲ ಎಂದು ನಾಜಿ ಲಾರಿಯವರಿಂದ ಕೇಳಿ ಬಂದು ಹೇಳಿದ. ನಾಜಿಯೂ ಫರಜ್‌ನೂ ಈಗ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ, ಒಂದೇ ಸಮನೆ ಜಗಳವಾಡುತ್ತಾರೆ.

ಹರ್ಗರಿ ಹೊರಡುವ ಮೊದಲು ಹಿರಿಯರ ಕೈ ಮುಟ್ಟಲು ಮೇಲಕ್ಕೆ ಬಂದಿದ್ದ. ಮಿಸ್ಕ್ ಅತ್ತೆಗೆ ಬಕ್ರೀದ್ ಹಬ್ಬದಿಂದಲೂ ಜ್ವರ. ಎದ್ದಳು, ಕೋಲು ಹಿಡಿದಳು. "ಬೇಡ ತಾಯಿ, ದಾರಿ ಈಗ ತೆರೆದಿದೆ" ಎಂದ ಅವನು. "ನನ್ನ ನೆರಳಿಂದ ನಿನ್ನನ್ನ ನಾನಿನ್ನೂ ಬಿಟ್ಟಿಲ್ಲ. ನಡಿ" ಎಂದಳು. ನಾನು ಅವಳ ತೋಳು ಹಿಡಿದುಕೊಂಡು ಹೋದೆ. ಈ ಸಲ ನಿನ್ನ ಅಪ್ಪ ಆಣೆ ಹಾಕಲಿಲ್ಲ. ಕಣಿವೆಯ ತಿರುವಿನಲ್ಲಿ ಆ ಕಲ್ಲುಗಳು ಇನ್ನೂ ಇದ್ದವು, ಮಸಿ ತೊಳೆದಿದ್ದರು. ಅಲ್ಲಿ ಅವಳು ನಿಂತು, "ಹೋಗಿ ಬಾ ಮಗಾ, ನಾನು ನಿನ್ನನ್ನ ದಾಟಿಸಿದೆ" ಎಂದಳು. ಅವನು ಬಾಗಿ ಅವಳ ನೀಲಿ ಕೈಯನ್ನು ಹಣೆಗೆ ಒತ್ತಿಕೊಂಡ. ಇಳಿದು ಹೋಗುವಾಗ ಅವನ ಹಣೆಯಲ್ಲಿ ಬಣ್ಣ ಹತ್ತಿತ್ತು. ಅವನಿಗದು ತಿಳಿಯದು.

ಹಿಂದಿರುಗುವಾಗ ಅವಳು ಬೋಳು ಬಂಡೆಯ ಹತ್ತಿರ ಕುಳಿತಳು. ನನ್ನ ಎದೆಯಲ್ಲಿದ್ದದ್ದನ್ನು ಅಲ್ಲಿ ಹೇಳಿಕೊಂಡೆ.

"ಮುಕ್ಬಿಲ್‌ಗೆ ಒಂದು ಮಾತು ಕೇಳಿದ್ದೆ. ಇವತ್ತಿಗೂ ಉತ್ತರ ಇಲ್ಲ."

"ಏನು ಕೇಳಿದ್ದೆ?"

"ಆಜ್ಞೆ ಬಂದ್ರೆ ಅಪ್ಪನ ಮೇಲೆ ಗುಂಡು ಹಾರಿಸ್ತೀಯಾ ಅಂತ."

ಅವಳು ಕೋಲಿನ ತುದಿಯಿಂದ ನನ್ನ ಪಾದ ತಟ್ಟಿದಳು. "ಓದು ಬಲ್ಲವಳು ನೀನು, ಆದ್ರೂ ದಡ್ಡಿ ಕಣೇ. ಆವತ್ತು ನಾನು ಈ ಇಳಿಜಾರು ಇಳಿದಿದ್ದು ಯಾರಿಗೋಸ್ಕರ ಅಂದ್ಕೊಂಡೆ? ನಾಜಿಗೋಸ್ಕರಾನಾ, ಆ ಫೆರಂಗಿಗಾ? ನಿನ್ನ ಪ್ರಶ್ನೆಗೆ ಉತ್ತರ ಏನು ಅಂತ ಆ ಹುಡುಗನಿಗೇ ಗೊತ್ತಾಗೋ ದಿನ ಬರಬಾರದು ಅಂತ ಇಳಿದೆ. ಬರ್ಲಿಲ್ಲ. ಈಗ ನೀನು ಕೂತು ಕೇಳ್ತಿದೀಯ."

ಆದ್ದರಿಂದ ಮಗನೆ, ರಮಝಾನಿನ ಆ ಕಾಗದ ಇನ್ನೂ ನಿನ್ನ ಜೇಬಿನಲ್ಲಿದ್ದರೆ ಒಲೆಗೆ ಹಾಕು. ನಾನು ಏನನ್ನೂ ಕೇಳಿಲ್ಲ.

ರಜೆ ಸಿಕ್ಕರೆ ಬಾ. ಚಹಾಪುಡಿ ಮುಗಿದಿದೆ, ನಿನ್ನ ಅಪ್ಪ ದಿನವೂ ಡಬ್ಬಿ ಅಲ್ಲಾಡಿಸಿ ನೋಡುತ್ತಾರೆ.

ನಿನ್ನ ತಾಯಿ
ಗುಸೂನ್